ಭದ್ರಮ್ಮನವರ ದೊಡ್ಡ ಫೋಟೋ, ನಂದೀಶನ ಸಣ್ಣ ಕ್ಯಾಮೆರಾ

ಪಟ್ಟಂದೂರು ಅಗ್ರಹಾರದ ನಮ್ಮ ಬೀದಿಯಲ್ಲಿ ಕ್ಯಾಮೆರಾದ ಯೋಗ್ಯತೆಯನ್ನು ಕತ್ತಿಗೆ ನೇತುಹಾಕಿಕೊಂಡು ನಿರ್ಧರಿಸುತ್ತಾರೆ. ಕತ್ತು ಜಗ್ಗಿದರೆ ಒಳ್ಳೆಯ ಕ್ಯಾಮೆರಾ. ಅಂಗಿ ಜೇಬಿನಲ್ಲಿ ಹಿಡಿಸಿದರೆ ಅದು ಕ್ಯಾಮೆರಾವೇ ಅಲ್ಲ. ಇಷ್ಟು ಸರಳವಾದ ಶಾಸ್ತ್ರವನ್ನು ಗಾಳಿಗೆ ತೂರಿ ನನ್ನ ಮನೆ ಮಾಲೀಕ ನಂದೀಶ್ ಸೋಪಿನ ಡಬ್ಬಿಯಷ್ಟು ಗಾತ್ರದ ಒಂದು ಕ್ಯಾಮೆರಾ ಕೊಂಡು ತಂದ. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಡಬ್ಬಿಯೇ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀದಿಯವರು ಅವನ ಬೋಳುತಲೆಯೇ ಕಾರಣ ಎನ್ನುತ್ತಾರೆ. ಆ ತಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಶ್ಯಾಮಣ್ಣ. ನಂದೀಶನ ಕಟ್ಟಡದಲ್ಲಿ ಕೆಳಗಿನ ಮುಂದಿನ ಮನೆಯ ಬಾಡಿಗೆದಾರ. ನನ್ನ ಕಿಟಕಿ ಸರಿಯಾಗಿ ಗೇಟಿಗೆ ಎದುರಾಗಿದೆ. ಯಾರು ಬಂದರು, ಯಾರು ಹೋದರು ಎಂದು ನೋಡುವ ಚಟ ನನಗಿಲ್ಲ, ಅದು ಕಿಟಕಿಗಿದೆ. ನಾನು ಅದರ ಹತ್ತಿರ ಕುರ್ಚಿ ಹಾಕಿಕೊಂಡಿದ್ದೇನೆ, ಅಷ್ಟೆ.

ನಂದೀಶನ ಅಪ್ಪ ಚಿಕ್ಕಬೈರಪ್ಪನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಂದೀಶ್ ಅಂತಸ್ತಿನ ಮೇಲೆ ಅಂತಸ್ತು ಎತ್ತಿ ಬಾಡಿಗೆಗೆ ಬಿಟ್ಟ. ಅಂದಿನಿಂದ ಅವನಿಗೆ ಪುರುಸೊತ್ತು ಎಂಬ ಕಾಯಿಲೆ ಅಂಟಿಕೊಂಡಿತು. ಕಟ್ಟಡ ಅವನ ಹೆಸರಿನಲ್ಲಿದ್ದರೂ ಆಡಳಿತ ಅವನ ತಾಯಿ ಭದ್ರಮ್ಮನವರದು. ಮೆಟ್ಟಿಲ ಬುಡದಲ್ಲಿ ನೀರಿನ ಮೋಟಾರಿನ ಸ್ವಿಚ್ಚು. ಅದರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು. ಸ್ಟೂಲಿನ ಮೇಲೆ ಭದ್ರಮ್ಮ. ಮೇಲೆ ಟ್ಯಾಂಕು ತುಂಬಿ ಒಂದು ಹನಿ ಹೊರಗೆ ಬಿದ್ದರೂ ಸಾಕು, ಬೀದಿಯ ತುದಿಯ ಬೇಕರಿಯವರೆಗೆ ಕೇಳುತ್ತದೆ.

"ಲೇ ಮಲಕಪ್ಪಾ! ಮೋಟ್ರು ಆಫ್ ಮಾಡ್ಲಾ! ನೀರೇನು ನಿಮ್ಮಪ್ಪ ಗಂಗರಾಜ ಕಳಿಸ್ತಾವ್ನಾ?"

ಮಲಕಪ್ಪ ಯಾದಗಿರಿ ಕಡೆಯವನು, ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಮೊದಲ ಮಹಡಿಯ ರೂಮಿನಲ್ಲಿದ್ದಾನೆ. ಮೋಟಾರ್ ಹಾಕುವವರು ಹತ್ತು ಜನರಿದ್ದರೂ ಬೈಗುಳ ಅವನ ಹೆಸರಿಗೇ ಬರುತ್ತದೆ. ಅವನು ಊಟ ಬಿಟ್ಟು ಎದ್ದು ಓಡಿ ಬಂದು, "ಬಂದ್ ಮಾಡೀನ್ರೀ ಯವ್ವಾ" ಎನ್ನುತ್ತಾನೆ. ಇದು ನಮ್ಮ ಕಟ್ಟಡದ ಸುಪ್ರಭಾತ.

ಇಂಥ ಭದ್ರಮ್ಮನವರಿಗೆ ಲೋಕದಲ್ಲಿ ಒಂದೇ ಒಂದು ಭಯವಿತ್ತು. ಅದು ಅವರ ಆಧಾರ್ ಕಾರ್ಡಿನ ಫೋಟೋ.

ನಡುಮನೆಯ ಗೋಡೆಯ ಮೇಲೆ ಚಿಕ್ಕಬೈರಪ್ಪನವರ ಫೋಟೋ ಇದೆ. ಅವರು ಬದುಕಿದ್ದಾಗ ಯಾರೂ ಫೋಟೋ ತೆಗೆಸಿರಲಿಲ್ಲ. ಹೋದ ಮೇಲೆ ವೋಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದರು. ಎಡಗೆನ್ನೆಯ ಮೇಲೆ ಅರ್ಧ ಸೀಲು ಹಾಗೇ ಉಳಿದಿದೆ. ಮುಖದಲ್ಲಿ ಕಳ್ಳತನ ಒಪ್ಪಿಕೊಳ್ಳುತ್ತಿರುವವರ ಕಳೆ. ಬಂದ ನೆಂಟರೆಲ್ಲ ಮೊದಲು ಆ ಸೀಲನ್ನು ನೋಡಿ, ಆಮೇಲೆ ಕೈಮುಗಿಯುತ್ತಾರೆ.

ಒಂದು ದಿನ ಭದ್ರಮ್ಮ ಮಗನನ್ನು ಆ ಗೋಡೆಯ ಮುಂದೆ ನಿಲ್ಲಿಸಿಕೊಂಡು ಹೇಳಿದರು: "ನೋಡ್ಲಾ, ನಿಮ್ಮಪ್ಪ ಇಂಗಿರ್ಲಿಲ್ಲ. ನಗ್‌ನಗ್ತಾ ಇರೋನು. ಈಗ ಆ ಮಕ ಎಷ್ಟ್ ನೆಪ್ ಮಾಡ್ಕೊಂಡ್ರೂ ಬರಾಕಿಲ್ಲ ನಂಗೆ, ಈ ಸೀಲ್ ಒಡೆದಿರೋ ಮಕಾನೇ ಬತ್ತದೆ. ನಾನು ಆಧಾರ್ ಕಾರ್ಡಲ್ಲಿ ಗ್ವಾಡೆ ಮ್ಯಾಲೆ ಕೂರಾಕಿಲ್ಲ. ಜೀವ ಇರೋವಾಗ್ಲೇ ಒಂದು ಸರ್‍ಯಾದ್ ಫೋಟೋ ತೆಗ್ಸು. ಇಲ್ದಿದ್ರೆ ಸತ್ತ್ ಮ್ಯಾಲೂ ನಿನ್ನ ಬಿಡಾಕಿಲ್ಲ."

ಇಷ್ಟಕ್ಕೆ ಯಾವುದಾದರೂ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ನಂದೀಶನ ಹೊಟ್ಟೆಯಲ್ಲಿ ಬೇರೆ ಒಂದು ಉರಿ ಇತ್ತು. ಅವನ ಹೆಂಡತಿ ಆಶಾರಾಣಿಯ ತಮ್ಮ ಮನು ಮಹದೇವಪುರದ ಟೆಕ್‌ಪಾರ್ಕ್ ಒಂದರಲ್ಲಿ ಕ್ಯಾಂಟೀನ್ ಕಾಂಟ್ರಾಕ್ಟ್ ಮಾಡುತ್ತಾನೆ. ಅವನ ಹತ್ತಿರ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಡಿಎಸ್‌ಎಲ್‌ಆರ್‌ಗಳಲ್ಲೆಲ್ಲ ಅದು ಒಂದನೇ ಕ್ಲಾಸು, ಅಂದರೆ ಶಾಲೆಗೆ ಸೇರಿಸುವಾಗ ಕೂರಿಸುವ ಒಂದನೇ ಕ್ಲಾಸು. ಆದರೂ ನೋಡಲು ಕಪ್ಪಗೆ, ದಪ್ಪಗೆ, ಮುಂದೆ ಒಂದು ಮೂತಿ. ನೆಂಟರ ಮನೆಯ ಕಿವಿ ಚುಚ್ಚುವ ಶಾಸ್ತ್ರದಲ್ಲಿ ಎಲ್ಲರೂ "ಮನು ಸಾರ್, ಈ ಕಡೆ, ಮನು ಸಾರ್, ಒಂದು ಗ್ರೂಪ್" ಎಂದು ಅವನ ಹಿಂದೆ ಬಿದ್ದರು. ಭಾವನಾದ ನಂದೀಶನಿಗೆ ಸಿಕ್ಕಿದ್ದು ಕ್ಯಾಮೆರಾದ ಬ್ಯಾಗು ಹಿಡಿದುಕೊಳ್ಳುವ ಕೆಲಸ. ಊಟದ ಪಂಕ್ತಿಯಲ್ಲಿ ಬಡಿಸುವವನು ಬೇರೆ, "ಅಸಿಸ್ಟೆಂಟ್ ಆಮೇಲೆ ಕೂತ್ಕೊಳ್ಳಿ" ಎಂದನಂತೆ.

ಅದಾದ ಮೇಲೆ ನಂದೀಶ್ ರಾತ್ರಿ ಹಗಲು ಮೊಬೈಲಿನಲ್ಲಿ ಕ್ಯಾಮೆರಾ ವಿಡಿಯೋಗಳನ್ನು ನೋಡಿದ. ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಆ ಸೋಪಿನ ಡಬ್ಬಿಯನ್ನು ತಂದು, ಅಮ್ಮನ ಮುಂದೆ, ಮನುವಿನ ಮುಂದೆ, ನನ್ನ ಕಿಟಕಿಯ ಮುಂದೆ ಬಿಚ್ಚಿದ.

"ಭಾವ, ಇದೇನಿದು?" ಎಂದ ಮನು. "ಚಾರ್ಜರ್ರಾ?"

"ಕ್ಯಾಮೆರಾ ಕಣೋ. ದೊಡ್ಡ ಸೆನ್ಸರ್‌ದು."

"ಎಲ್ಲಿ ದೊಡ್ಡದು?"

"ಒಳಗೆ. ನಿಂದ್ರಲ್ಲಿ ಎಷ್ಟು ದೊಡ್ಡದಿದೆಯೋ ಇದ್ರಲ್ಲೂ ಅಷ್ಟೇ ದೊಡ್ಡದಿದೆ."

"ಸೆನ್ಸರ್ ಅಂದ್ರೇನ್ಲಾ?" ಎಂದು ಭದ್ರಮ್ಮ ಕೇಳಿದರು.

ನಂದೀಶ್ ಈ ಪ್ರಶ್ನೆಗೆ ತಯಾರಾಗಿಯೇ ಬಂದಿದ್ದ. "ಅವ್ವ, ಸೆನ್ಸರ್ ಅಂದ್ರೆ ಸೈಟು ಇದ್ದಂಗೆ. ಬೆಳಕು ಬಂದು ಬೀಳೋ ಜಾಗ. ಇಬ್ರುದೂ ಒಂದೇ ಅಳತೆ ಸೈಟು, ಥರ್ಟಿ ಫಾರ್ಟಿ. ಅವನು ಅದ್ರ ಮೇಲೆ ಸುಮ್ನೆ ಫ್ಲೋರ್ ಮೇಲೆ ಫ್ಲೋರ್ ಎತ್ತಿದಾನೆ, ಒಳಗೆ ಕನ್ನಡಿ, ಅದೂ ಇದೂ. ನಾನು ಅದೇ ಸೈಟಲ್ಲಿ ಶೀಟ್ ಮನೆ ಹಾಕಿದೀನಿ. ಸೈಟು ಸೈಟೇ ಅಲ್ವಾ?"

ಭದ್ರಮ್ಮ ಯೋಚಿಸಿದರು. ಸೈಟಿನ ವಿಷಯದಲ್ಲಿ ಅವರು ಯಾವತ್ತೂ ಹಗುರವಾಗಿ ಮಾತಾಡಿದವರಲ್ಲ. "ಶೀಟ್ ಮನೆಗೆ ಒಳ್ಳೆ ಬಾಡಿಗೆ ಯಾವನ್ ಕೊಟ್ಟಾನು?" ಎಂದರು.

ಮನು ಬಿದ್ದು ಬಿದ್ದು ನಕ್ಕ. "ಭಾವ, ನಂದ್ರಲ್ಲಿ ಲೆನ್ಸ್ ಬದಲಾಯಿಸ್ಬೋದು."

"ಎಷ್ಟ್ ಸಲ ಬದಲಾಯಿಸಿದೀಯ?"

ಮನುವಿನ ಹತ್ತಿರ ಇದ್ದದ್ದು ಡಬ್ಬದ ಜೊತೆ ಬಂದ ಒಂದೇ ಲೆನ್ಸು. "ಬದಲಾಯಿಸ್ಬೋದು ಅಂದೆ. ಬದಲಾಯಿಸ್ತೀನಿ ಅಂತ ಎಲ್ಲಿ ಹೇಳ್ದೆ? ನಿಮ್ದ್ರಲ್ಲಿ ಜೂಮೇ ಇಲ್ವಲ್ಲ ಭಾವ."

"ದೇವ್ರು ಕಾಲು ಯಾಕೋ ಕೊಟ್ಟಿರೋದು? ಹತ್ರ ನಡ್ಕೊಂಡ್ ಹೋಗ್ತೀನಿ."

"ಸಾಕು ಸುಮ್ಕಿರ್‍ರೋ ಇಬ್ರೂ!" ಎಂದರು ಭದ್ರಮ್ಮ. "ನಂಗೆ ಸೈಟೂ ಬ್ಯಾಡ, ಮನೇನೂ ಬ್ಯಾಡ. ನನ್ ಮಕ ಬೇಕು. ಯಾವ ಡಬ್ಬೀಲಿ ಬತ್ತದೋ ಅದ್ರಲ್ಲಿ ತೆಗೀರಿ."

ಹೀಗೆ ಭಾನುವಾರ ಪಂದ್ಯ ಏರ್ಪಾಟಾಯಿತು.

ಭದ್ರಮ್ಮ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು, ಕೆಂಪು ಕಲ್ಲಿನ ಓಲೆ ಹಾಕಿಕೊಂಡು ಗೇಟಿನ ಮುಂದೆ ಕೂತರು. ಬಾಡಿಗೆದಾರರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಸೇರಿದರು. ಮನು ಸ್ಟ್ಯಾಂಡು ನೆಟ್ಟ, ಅದರ ಮೇಲೆ ಕ್ಯಾಮೆರಾ ಕೂರಿಸಿದ, ಒಂದು ಕಣ್ಣು ಮುಚ್ಚಿದ. ಜನ ಉಸಿರು ಬಿಗಿಹಿಡಿದರು. ಭದ್ರಮ್ಮ ಆ ಕಪ್ಪು ಮೂತಿಯನ್ನು ನೋಡಿದ್ದೇ ತಡ, ಬೆನ್ನು ನೆಟ್ಟಗಾಯಿತು, ತುಟಿ ಬಿಗಿಯಿತು, ಕಣ್ಣು ಮೆಡಿಕಲ್ ಟೆಸ್ಟಿಗೆ ಬಂದವರ ಹಾಗೆ ಅಗಲವಾಯಿತು.

"ಅತ್ತೆ, ಸ್ವಲ್ಪ ಸ್ಮೈಲ್ ಮಾಡಿ."

ಭದ್ರಮ್ಮ ಸ್ಮೈಲ್ ಮಾಡಿದರು. ನೋಡುತ್ತಿದ್ದ ಆಶಾರಾಣಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

ಮನು ಖಟಕ್, ಖಟಕ್ ಎಂದು ಒತ್ತುತ್ತಲೇ ಹೋದ. ಪ್ರತಿ ಖಟಕ್ಕಿಗೂ ಅವರು ಇನ್ನಷ್ಟು ಕಲ್ಲಾದರು. ಫೋಟೋ ಏನೋ ಬಹಳ ಚೊಕ್ಕವಾಗಿ ಬಂದಿತ್ತು. ಹಿಂದಿನ ಗೇಟು ಬೆಣ್ಣೆಯ ಹಾಗೆ ಕರಗಿತ್ತು, ಓಲೆಯ ಒಂದೊಂದು ಕಲ್ಲನ್ನೂ ಎಣಿಸಬಹುದಿತ್ತು. ಮಧ್ಯೆ ಆಧಾರ್ ಕಾರ್ಡಿನ ಹೆಂಗಸು ಬಣ್ಣದಲ್ಲಿ ಕೂತಿದ್ದಳು.

ಆಮೇಲೆ ನಂದೀಶನ ಸರದಿ. ಅವನು ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದು ನಿಂತ. ಭದ್ರಮ್ಮನವರಿಗೆ ಅದು ಕ್ಯಾಮೆರಾ ಎಂದು ಇನ್ನೂ ನಂಬಿಕೆ ಬಂದಿರಲಿಲ್ಲ. "ನಿಂದ್ ಯಾವಾಗ್ಲಾ ಸುರು ಮಾಡೋದು?" ಎಂದು ಕೇಳಿದರು. ಅಷ್ಟರಲ್ಲಿ ಅವನು ಆಗಲೇ ಐದಾರು ತೆಗೆದಾಗಿತ್ತು. ಸದ್ದೇ ಇರಲಿಲ್ಲ. ಅದೇ ಹೊತ್ತಿಗೆ ಮೇಲಿನ ಟ್ಯಾಂಕು ತುಂಬಿ ನೀರು ಸುರಿಯಿತು. ಮೋಟಾರ್ ಹಾಕಿದವರೆಲ್ಲ ಫೋಟೋ ನೋಡುತ್ತ ನಿಂತಿದ್ದರು. ಭದ್ರಮ್ಮ ರೇಷ್ಮೆ ಸೀರೆ, ಓಲೆ, ಪಂದ್ಯ ಎಲ್ಲವನ್ನೂ ಮರೆತು ಮೆಟ್ಟಿಲ ಕಡೆ ತಿರುಗಿ, ಬೆರಳು ಎತ್ತಿ, "ಲೇ ಮಲಕಪ್ಪಾ!" ಎಂದರು. ನಂದೀಶ್ ಕಾಲನ್ನು ಉಪಯೋಗಿಸಿ ಹತ್ತಿರ ಹೋಗಿ ಒತ್ತಿದ.

ಸಂಜೆ ಎರಡೂ ಕ್ಯಾಮೆರಾದ ಫಲಿತಾಂಶವನ್ನು ಟಿವಿಗೆ ಹಾಕಿ ನೋಡಿದರು. ಭದ್ರಮ್ಮ ಎರಡನ್ನೂ ಸಾರಾಸಗಟಾಗಿ ತಳ್ಳಿಹಾಕಿದರು. "ಅದ್ರಲ್ಲಿ ಎಣ ಕೂತಂಗೆ ಕೂತಿವ್ನಿ. ಇದ್ರಲ್ಲಿ ಬಾಯಿ ಬಿಟ್ಕೊಂಡಿವ್ನಿ. ನೆಂಟ್ರು ಕೈ ಮುಗ್ಯಾಕೆ ಬಂದ್ರೆ ನಾನು ಬೈಯ್ತಾ ಇರ್‍ಲಾ? ಎರಡೂ ಬ್ಯಾಡ."

ಸೋತರೂ ಪರವಾಗಿಲ್ಲ, ಸಮ ಮಾತ್ರ ಆಗಬಾರದು ಎಂಬುದು ನಂದೀಶನ ಹಟ. ಎರಡನ್ನೂ ಒಂದೇ ಅಳತೆಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟರೆ ಯಾರ ಸೈಟು ಎಂಥದ್ದು ಎಂದು ಗೊತ್ತಾಗುತ್ತದೆ ಎಂದು ಅವನ ವಾದ. ಆದರೆ ಮಾರನೆಯ ದಿನ ಅವನಿಗೆ ತಿರುಪತಿ ಪ್ರಯಾಣವಿತ್ತು. ಬೀದಿಯ ಮಾಲೀಕರೆಲ್ಲ ವರ್ಷಕ್ಕೊಮ್ಮೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿ ಬರುತ್ತಾರೆ. ನಂದೀಶ್ ಅಲ್ಲಿ ಮುಡಿ ಕೊಟ್ಟು, ತಲೆ ಮೀಸೆ ಎಲ್ಲ ಬೋಳಿಸಿಕೊಂಡು, ಚಂದನ ಹಚ್ಚಿಕೊಂಡು, ಹೊಸ ಕ್ಯಾಮೆರಾದಲ್ಲಿ ಬೆಟ್ಟಗುಡ್ಡ ತೆಗೆದುಕೊಂಡು ಹಿಂದಿರುಗಿದ. ಮನೆಗೂ ಹೋಗದೆ ದಾರಿಯಲ್ಲೇ ಇಳಿದು, ಮುಖ್ಯರಸ್ತೆಯ ಸ್ಟುಡಿಯೋಗೆ ನುಗ್ಗಿದ. ಚಂದನವನ್ನು ದಾರಿಯಲ್ಲಿ ಸೆಕೆ ತಿಂದುಹಾಕಿತ್ತು. ಫೋನಿನ ಚಾರ್ಜು ಬೆಟ್ಟದ ಮೇಲೇ ತೀರಿತ್ತು.

ಈಗ ತಾವು ಸ್ಟುಡಿಯೋದವನ ಜಾಗದಲ್ಲಿ ನಿಂತು ನೋಡಿ. ನುಣ್ಣಗೆ ಬೋಳಿಸಿಕೊಂಡ, ನಿದ್ದೆಗೆಟ್ಟು ಕಣ್ಣು ಕೆಂಪಾದ ಒಬ್ಬ ಗಂಡಸು ಬಂದು, ವಯಸ್ಸಾದ ಹೆಂಗಸಿನ ಎರಡು ಫೋಟೋ ಇರುವ ಮೆಮೊರಿ ಕಾರ್ಡು ಕೊಟ್ಟು, "ನಮ್ಮ ತಾಯಿ. ಗೋಡೆಗೆ ಹಾಕೋ ಸೈಜು. ಅರ್ಜೆಂಟು" ಎನ್ನುತ್ತಾನೆ. ಆ ಸ್ಟುಡಿಯೋದವನು ಮನುಷ್ಯನಾದರೆ ಏನು ತಿಳಿದುಕೊಳ್ಳಬೇಕು?

ಅವನು ಎದ್ದು ನಿಂತ. ಹಾಡು ನಿಲ್ಲಿಸಿದ. ತಾನು ಕೂತಿದ್ದ ಕುರ್ಚಿಯನ್ನೇ ಕೊಟ್ಟ. ನೀರು ತರಿಸಿದ. ಬ್ಯಾನರ್ ಬರೆಸಲು ಅಲ್ಲೇ ನಿಂತಿದ್ದ ನಮ್ಮ ವಾರ್ಡಿನ ಮುಖಂಡ ನರಸಿಂಹಯ್ಯನವರ ಹುಡುಗನೊಬ್ಬ ಟೋಪಿ ತೆಗೆದು ಕೈಕಟ್ಟಿಕೊಂಡ.

ನಂದೀಶನ ಎದೆ ಉಬ್ಬಿತು. ಅವನ ಕತ್ತಿನಲ್ಲಿ ಡಬ್ಬಿ ನೇತಾಡುತ್ತಿತ್ತಲ್ಲ! ಕೊನೆಗೂ ಫೋಟೋ ಗೊತ್ತಿರುವವರು ಸಿಕ್ಕಿದರು, ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡ. ಉತ್ಸಾಹದಲ್ಲಿ ಡಬ್ಬಿಯ ಗುಣಗಾನ ಶುರುಮಾಡಿದ. "ಒಂಚೂರೂ ಸದ್ದಿಲ್ಲ ಕಣ್ರೀ. ಮಾತಾಡ್ತಾ ಮಾತಾಡ್ತಾನೇ ಆಗೋಯ್ತು."

"ಪುಣ್ಯವಂತ್ರು ಸಾರ್" ಎಂದು ಸ್ಟುಡಿಯೋದವನು ಕಣ್ಣೊರೆಸಿಕೊಂಡ.

ಇಷ್ಟೊಂದು ಭಾವುಕನಾದ ಸ್ಟುಡಿಯೋದವನನ್ನು ನಂದೀಶ್ ಎಂದೂ ಕಂಡಿರಲಿಲ್ಲ. ಪ್ರಿಂಟು ಆಗುವ ತನಕ ಅಲ್ಲೇ ಕುರ್ಚಿಯಲ್ಲಿ ಕೂತ, ಕೂತಲ್ಲೇ ನಿದ್ದೆಹೋದ. ನರಸಿಂಹಯ್ಯನವರ ಹುಡುಗ ಮಾತ್ರ ಬ್ಯಾನರ್ ವಿಷಯ ಬಿಟ್ಟು ಹೊರಗೆ ಓಡಿ ಫೋನು ಹಚ್ಚಿದ.

ನರಸಿಂಹಯ್ಯನವರು ಮುಂದಿನ ಚುನಾವಣೆಗೆ ನಿಲ್ಲುವವರು. ಚುನಾವಣೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಅವರು ಸದಾ ನಿಂತೇ ಇರುತ್ತಾರೆ. ವಾರ್ಡಿನಲ್ಲಿ ಮಗು ಹುಟ್ಟಿದರೆ ಬ್ಯಾನರು, ಮುದುಕರು ಹೋದರೆ ಬ್ಯಾನರು. ಭದ್ರಮ್ಮನವರ ಕಟ್ಟಡದಲ್ಲಿ ವೋಟು ಜಾಸ್ತಿ, ಆದ್ದರಿಂದ ಬ್ಯಾನರು ದೊಡ್ಡದಾಗಬೇಕು. ಫೋಟೋ? ಹಿಂದೆ ಅವರ ಆಫೀಸಿನಲ್ಲಿ ಹಿರಿಯರಿಗೆ ಕಣ್ಣಿನ ತಪಾಸಣೆ ಶಿಬಿರ ಮಾಡಿಸಿದಾಗ ಎಲ್ಲರ ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಂಡಿದ್ದರು.

ಬೇಕರಿಯ ಮೂಲೆಯಲ್ಲಿ ಬಾಗಿಲಿಗಿಂತ ಎತ್ತರದ ಫ್ಲೆಕ್ಸು ಎದ್ದಿತು. ಮೇಲೆ ನರಸಿಂಹಯ್ಯನವರು ಕೈಮುಗಿದು ದೊಡ್ಡದಾಗಿ ನಗುತ್ತಿದ್ದರು. ನಡುವೆ ಜೆರಾಕ್ಸಿನಿಂದ ಎಳೆದ ಒಂದು ಕಪ್ಪುಬಿಳುಪು ಮುಖ: ಒಂದು ಕಣ್ಣು ಅರ್ಧ ಮುಚ್ಚಿದೆ, ಕೆನ್ನೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯದು. ಕೆಳಗೆ, "ಭಾವಪೂರ್ಣ ಶ್ರದ್ಧಾಂಜಲಿ. ಭದ್ರಮ್ಮ ತಾಯಿಯವರೇ, ಮತ್ತೆ ನಮ್ಮ ವಾರ್ಡಿನಲ್ಲೇ ಹುಟ್ಟಿ ಬನ್ನಿ."

ಆ ಹೊತ್ತಿಗೆ ಭದ್ರಮ್ಮ ತಾಯಿಯವರು ತಾರಸಿಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು.

ನಾನು ಕಿಟಕಿಯಲ್ಲಿದ್ದೆ. ಮೊದಲು ಗೇಟಿನೊಳಗೆ ಬಂದವರು ಆಶಾರಾಣಿಯ ಸೋದರತ್ತೆ ಸುಬ್ಬಲಕ್ಷ್ಮಮ್ಮ. ಬಂದವರೇ, ಬಟ್ಟೆ ಒಗೆಯುತ್ತಿದ್ದ ಆಶಾರಾಣಿಯನ್ನು ತಬ್ಬಿಕೊಂಡು, "ಓಗ್ಬುಟ್ರಲ್ಲೇ ಆಶಾ! ಮನೆ ಕಂಬನೇ ಓಯ್ತಲ್ಲೇ!" ಎಂದು ಗೋಳಾಡಿದರು. ಮನೆಯ ಕಂಬ ಎಂದರೆ ಯಾವ ಹೆಂಡತಿಗೆ ತಾನೇ ಅತ್ತೆ ನೆನಪಾಗುತ್ತಾರೆ? ಆಶಾರಾಣಿ ತಿರುಪತಿಗೆ ಹೋದ ಗಂಡನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಘಾಟಿ ರಸ್ತೆ, ಟೆಂಪೋ, ತಿರುವು, ಎಲ್ಲ ಕಣ್ಣಮುಂದೆ ಬಂದು, ಅವಳೂ "ಅಯ್ಯೋ ನನ್ ದೊರೆಯೇ" ಎಂದು ಎದೆ ಬಡಿದುಕೊಂಡು ಕುಸಿದಳು.

"ನೋಡ್ರಪ್ಪಾ, ಸೊಸೆ ಅಂದ್ರೆ ಇಂಗಿರ್ಬೇಕು" ಎಂದು ಬಂದವರೆಲ್ಲ ಮೆಚ್ಚಿಕೊಂಡರು. "ಅತ್ತೆಗೆ ಯಾರ್ ಅಳ್ತಾರೆ ಈ ಕಾಲದಲ್ಲಿ ಇಷ್ಟು?"

ಅಂಗಳ ತುಂಬಿತು. ಮಲಕಪ್ಪ ಸೈಟಿನಿಂದ ಸಿಮೆಂಟು ಕೈಯಲ್ಲೇ ಓಡಿ ಬಂದು, ಆ ಖಾಲಿ ಸ್ಟೂಲನ್ನು ನೋಡಿ, ನೆಲಕ್ಕೆ ಕೂತು ಮಗುವಿನ ಹಾಗೆ ಅತ್ತ. "ಇನ್ನ ನನ್ನ ಬೈಯಾವ್ರ್ ಯಾರ್ರೀ" ಎಂದ. ಮನು ಮಹದೇವಪುರದಿಂದ ಬಂದ, ದುಃಖದಲ್ಲೂ ಕ್ಯಾಮೆರಾ ತಂದಿದ್ದ.

ಈ ಗದ್ದಲ ಕೇಳಿ ಭದ್ರಮ್ಮ ತಾರಸಿಯಿಂದ ಇಳಿದು ಬಂದರು, ಸೆರಗಿನ ತುಂಬ ಮೆಣಸಿನಕಾಯಿ. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಒಂದು ಪದ್ಧತಿ ಉಂಟು. ಸಾವಿನ ಮನೆಯಲ್ಲಿ ಮೊದಲು ಅಳಬೇಕು, ವಿಚಾರಣೆ ಆಮೇಲೆ. ಬಂದು ನಿಂತು ಯಾರು, ಏನು, ಎತ್ತ ಎಂದು ಕೇಳುವುದು ಅವಮರ್ಯಾದೆ. ಅಂಗಳದ ಜನ, ನೆಲದಲ್ಲಿ ಹೊರಳುವ ಸೊಸೆ, ಎಲ್ಲವನ್ನೂ ಹಿಂದಿನಿಂದ ಒಂದು ಸಲ ನೋಡಿದ ಭದ್ರಮ್ಮ ಮೆಣಸಿನಕಾಯಿ ಪಕ್ಕಕ್ಕೆ ಸುರಿದು, ಹೆಂಗಸರ ಸಾಲಿನ ಕೊನೆಯಲ್ಲಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ರಾಗ ತೆಗೆದರು.

"ಅಯ್ಯೋ ನನ್ ಚಿನ್ನವೇ... ಉಣ್ಣೋ ಒತ್ನಲ್ಲಿ ಎದ್ದು ಓಗ್ಬುಟ್ಯಾ... ಯೋಳ್‌ದೇ ಕೇಳ್‌ದೇ ಓಗ್ಬುಟ್ಯಾ... ನಿನ್ನಂಥೋರು ಯಾರವ್ರೆ ಈ ಬೀದಿಗೆ..."

ಬಹಳ ಚೆನ್ನಾಗಿ ಅತ್ತರು. ಮೆಣಸಿನಕಾಯಿ ಮುಟ್ಟಿದ ಕೈ, ಕಣ್ಣೀರಿಗೆ ಬರವಿರಲಿಲ್ಲ. ಮುಂದೆ ಕೂತಿದ್ದವರೆಲ್ಲ ಅವರ ರಾಗಕ್ಕೆ ದನಿಗೂಡಿಸಿದರು. ಒಂದು ಸುತ್ತು ಮುಗಿದ ಮೇಲೆ ಭದ್ರಮ್ಮ ಸೆರಗು ಸರಿಸಿ, ಮೂಗು ಒರೆಸಿಕೊಂಡು, ಪಕ್ಕದಲ್ಲಿದ್ದ ಮಲಕಪ್ಪನನ್ನು ಮೆಲ್ಲಗೆ ಕೇಳಿದರು.

"ಯಾರ್ಲಾ ಓಗಿದ್ದು?"

ಮಲಕಪ್ಪ ಅಳುತ್ತಲೇ ಹೇಳಿದ: "ನೀವಽ ರೀ ಯವ್ವಾ."

ಹೇಳಿದ ಮೇಲೆ ತಿರುಗಿ ನೋಡಿದ. ಆಮೇಲಿನದನ್ನು ವರ್ಣಿಸುವುದು ಕಷ್ಟ. ಸುಬ್ಬಲಕ್ಷ್ಮಮ್ಮ ಗೇಟು ತೆಗೆಯದೆಯೇ ಗೇಟಿನಿಂದ ಹೊರಗೆ ಹೋದರು. ಮನುವಿನ ಸ್ಟ್ಯಾಂಡು ಮೂರು ಕಾಲೂ ಮೇಲಾಗಿ ಬಿತ್ತು. ಆಶಾರಾಣಿ ಮಾತ್ರ ಅತ್ತೆಯ ಕೈಹಿಡಿದು, "ಹಂಗಾದ್ರೆ ಅವ್ರು ಹೋಗಿಲ್ವಾ?" ಎಂದು ಕೇಳುತ್ತಿದ್ದಳು. ಯಾರು ಹೋಗಿದ್ದಾರೆ, ಯಾರು ಇದ್ದಾರೆ ಎಂಬ ಲೆಕ್ಕ ಅಂಗಳದಲ್ಲಿ ಒಬ್ಬರಿಗೂ ಸಿಗಲಿಲ್ಲ.

"ಬ್ಯಾನರ್ ಹಾಕ್ಯಾರ್ರೀ ಮೂಲ್ಯಾಗ" ಎಂದ ಮಲಕಪ್ಪ.

ಭದ್ರಮ್ಮ ಎದ್ದರು. ಅವರ ಹಿಂದೆ ಅವರ ಸಾವಿಗೆ ಬಂದವರೆಲ್ಲ ಹೊರಟರು. ನಾನೂ ಕಿಟಕಿ ಬಿಟ್ಟು ಚಪ್ಪಲಿ ಮೆಟ್ಟಿದೆ. ಬೇಕರಿಯ ಮೂಲೆಯಲ್ಲಿ ನರಸಿಂಹಯ್ಯನವರು ದೊಡ್ಡ ಹಾರ ಹಿಡಿದು ಹತ್ತು ಜನರೊಂದಿಗೆ ಎದುರಾದರು. ಭದ್ರಮ್ಮನವರನ್ನು ಕಂಡದ್ದೇ ಹಾರ ಅವರ ಕೈಯಲ್ಲೇ ಉಳಿಯಿತು. ಹಾಕಿದರೆ ಒಂದು ಕಷ್ಟ, ಹಾಕದಿದ್ದರೆ ಒಂದು ಕಷ್ಟ.

ಭದ್ರಮ್ಮ ಅವರನ್ನು ನೋಡಲೇ ಇಲ್ಲ. ಫ್ಲೆಕ್ಸಿನ ಮುಂದೆ ನಿಂತು ತಲೆಯೆತ್ತಿದರು.

"ಅಮ್ಮಾ, ಕ್ಷಮಿಸ್ಬೇಕು, ಹುಡುಗ್ರು ತಪ್ಪು ತಿಳ್ಕೊಂಡ್ರು..." ಎಂದರು ನರಸಿಂಹಯ್ಯ.

"ನಾನ್ ಸತ್ತಿದ್ದು ಇರ್‍ಲಿ ಕಣಪ್ಪಾ ನರಸಿಂಹಯ್ಯ" ಎಂದರು ಭದ್ರಮ್ಮ. "ಅದು ಇವತ್ತಲ್ಲ ನಾಳೆ ಆಗೋದೇಯಾ. ಈ ಮಕದಲ್ಲಿ ಯಾಕಪ್ಪಾ ಸಾಯ್ಸ್‌ದೆ ನನ್ನ?"

ಅಷ್ಟರಲ್ಲಿ ಪಕ್ಕದ ಸಂದಿಯಿಂದ ಅಶ್ವತ್ಥಮ್ಮ ಬಂದರು. ಭದ್ರಮ್ಮನವರ ಜೊತೆ ಕಳೆ ಕಿತ್ತವರು, ಐವತ್ತು ವರ್ಷದ ಸ್ನೇಹ. "ಏನೇ ಭದ್ರಿ, ಇಷ್ಟ್ ಜನ?" ಎಂದು ಕೇಳಿ, ಬ್ಯಾನರು ನೋಡಿ, ಭದ್ರಮ್ಮನವರನ್ನು ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇದು ನೀನಾ? ನಾನು ಆಗ್ಲೇ ಬಂದು ನೋಡ್ದೆ ಕಣೆ. ಯಾವ್ಳೋ ಬ್ಯಾರೆ ಭದ್ರಮ್ಮ ಅಂದ್ಕೊಂಡು ಮನೆಗ್ ಓಗಿ ಉಂಡೆ."

"ನನ್ ಸಾವಿಗೆ ನೀನು ಉಂಡ್ಯಾ?"

"ಮುದ್ದೆ, ಉಪ್ಸಾರು" ಎಂದು ಅಶ್ವತ್ಥಮ್ಮ ಒಪ್ಪಿಕೊಂಡರು.

ಭದ್ರಮ್ಮ ಬೇಕರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಬಾಡಿಗೆಗೆ ಬಂದ ದಿನದಿಂದ ನಾನು ಅವರನ್ನು ನೋಡುತ್ತಿದ್ದೇನೆ, ಆ ಮುಖದಲ್ಲಿ ಹೆದರಿಕೆ ಕಂಡಿದ್ದು ಅದೇ ಮೊದಲು. "ನೀನೇ ಗುರ್ತು ಇಡೀನಿಲ್ಲ ಅಂದ್ಮ್ಯಾಕೆ ಇನ್ಯಾರ್ ಇಡಿತಾರೆ ಅಶ್ವತ್ತಿ" ಎಂದರು. ನಗುತ್ತಿದ್ದವರು ನಗು ನಿಲ್ಲಿಸಿದರು.

ಆಗ ಆಟೋ ಬಂತು. ಅದರಿಂದ ಬೋಳುತಲೆಯ ನಂದೀಶ್ ಇಳಿದ. ಎರಡು ಕಂಕುಳಲ್ಲಿ ಎರಡು ದೊಡ್ಡ ಫ್ರೇಮು, ಎರಡಕ್ಕೂ ಸ್ಟುಡಿಯೋದವನೇ ಪದ್ಧತಿಯಂತೆ ತೊಡಿಸಿದ ಗಂಧದ ಹಾರ, ಮೂಲೆಯಲ್ಲಿ ಕೆಂಪು ಬಲ್ಬು. ಹಾರ ಯಾಕೆ ಎಂದು ಅವನು ಕೇಳಿಯೂ ಇರಲಿಲ್ಲ, ಫೋಟೋದ ಗುಣಕ್ಕೆ ಮೆಚ್ಚಿ ಹಾಕಿದ್ದಾನೆ ಎಂದುಕೊಂಡಿದ್ದ. ಈಗ ತಲೆಯೆತ್ತಿ ಫ್ಲೆಕ್ಸು ಓದಿದ. ಅತ್ತು ಕಣ್ಣು ಊದಿಸಿಕೊಂಡ ಹೆಂಡತಿಯನ್ನು ನೋಡಿದ.

"ಅವ್ವಾ!" ಎಂದು ಕಿರುಚಿ ಫ್ಲೆಕ್ಸಿನ ಬುಡಕ್ಕೆ ಬಿದ್ದ. "ನಾನ್ ಬರೋಗಂಟ ಇರ್ಬಾರ್ದಿತ್ತಾ ಅವ್ವಾ! ಇನ್ನೊಂದ್ ಫೋಟೋ ತೆಗೀತಿದ್ನಲ್ಲಾ!"

ಭದ್ರಮ್ಮ ಹೋಗಿ ಅವನ ಕಿವಿ ಹಿಡಿದು ಎತ್ತಿದರು. "ಇಲ್ಲಿವ್ನಿ ನೋಡ್ಲಾ. ನಾನ್ ಬದ್ಕಿರೋವಾಗ್ಲೇ ತಲೆ ಯಾಕ್ ಬೋಳಿಸ್ಕೊಂಡ್ಯೋ ಮುಂಡೇದೆ?"

"ತಿಮ್ಮಪ್ಪನಿಗೆ ಅವ್ವಾ" ಎಂದು ನಂದೀಶ್ ಬಿಕ್ಕಿದ. ನರಸಿಂಹಯ್ಯನವರ ಹುಡುಗ ಮೆಲ್ಲಗೆ ಗುಂಪಿನಿಂದ ಜಾರಿಕೊಂಡ.

ಫ್ರೇಮುಗಳನ್ನು ಬೇಕರಿಯ ಗಾಜಿನ ಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದರು. ಮೊದಲು ಮನುವಿನದು. ಜನ "ಆಹಾ" ಎಂದರು. ಸೀರೆಯ ಎಳೆ ಎಳೆ ಕಾಣುತ್ತಿತ್ತು. ಅಶ್ವತ್ಥಮ್ಮ ಬಗ್ಗಿ ನೋಡಿ, "ಓಲೆ ನಿಂದೇ ಕಣೆ. ಆಕ್ಕೊಂಡಿರೋಳು ಯಾರು?" ಎಂದರು.

ಆಮೇಲೆ ನಂದೀಶ್ ತನ್ನ ಫ್ರೇಮನ್ನು ಈ ಕಡೆ ತಿರುಗಿಸಿದ. ತೆರೆದ ಬಾಯಿ, ಎತ್ತಿದ ಬೆರಳು, ಹಾರುವ ಒಂದು ಕೂದಲೆಳೆ, ಕಿಡಿಕಾರುವ ಕಣ್ಣು. ಪ್ರಿಂಟಿನಲ್ಲಿ ಸದ್ದು ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಗುಂಪಿನ ಹಿಂದಿನಿಂದ ಇಣುಕಿದ ಮಲಕಪ್ಪ ಬೆಚ್ಚಿಬಿದ್ದು, "ಬಂದ್ ಮಾಡೀನ್ರೀ ಯವ್ವಾ!" ಎಂದು ಮನೆಯ ಕಡೆ ಓಡಿಯೇಬಿಟ್ಟ.

ಅಲ್ಲಿ ಮೋಟಾರು ನಿಜವಾಗಿಯೂ ಆನ್ ಇತ್ತು. ಸಾವಿನ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ.

"ಇದು ಭದ್ರಿ" ಎಂದರು ಅಶ್ವತ್ಥಮ್ಮ. "ಇದ್ನ ನೋಡಿದ್ರೆ ನಾನು ಉಣ್ತಿರ್ಲಿಲ್ಲ."

ಭದ್ರಮ್ಮ ಫೋಟೋವನ್ನೂ ಓಡುತ್ತಿದ್ದ ಮಲಕಪ್ಪನನ್ನೂ ನೋಡಿದರು. ಗಂಧದ ಹಾರ ತೆಗೆದು ಮಡಿಸಿ, "ಇದು ಪೆಟ್ಟಿಗೇಲಿ ಇರ್‍ಲಿ, ಆಮ್ಯಾಕೆ ಬೇಕಾಯ್ತದೆ" ಎಂದು ಸೊಸೆಗೆ ಕೊಟ್ಟರು. ಫ್ರೇಮನ್ನು ತಾವೇ ಎತ್ತಿಕೊಂಡು ಹೋಗಿ, ನಡುಮನೆಯಲ್ಲಿ ಬೇಡ ಎಂದು, ಮೆಟ್ಟಿಲ ಬುಡದಲ್ಲಿ ಮೋಟಾರಿನ ಸ್ವಿಚ್ಚಿನ ಮೇಲೆ ಮೊಳೆ ಹೊಡೆಸಿದರು.

ಶಾಸ್ತ್ರದ ಪ್ರಕಾರ ತೀರ್ಪು ಏನಾಯಿತು ಎಂದು ಕೇಳಬೇಡಿ. ಡಬ್ಬಿ ಗೆದ್ದಿತು ಎಂದು ನಂದೀಶ್ ಬೇಕರಿಯಲ್ಲಿ ದಿನಾ ಭಾಷಣ ಮಾಡುತ್ತಾನೆ. ಗೆದ್ದದ್ದು ಟ್ಯಾಂಕು, ಅದು ಆ ಹೊತ್ತಿಗೆ ತುಂಬದಿದ್ದರೆ ಅವನ ಡಬ್ಬಿಯಲ್ಲೂ ಕಲ್ಲೇ ಬರುತ್ತಿತ್ತು ಎಂದು ಮನು ವಾದಿಸುತ್ತಾನೆ. ಅವನು ಇನ್ನೂ ಲೆನ್ಸು ಬದಲಾಯಿಸಿಲ್ಲ. ನರಸಿಂಹಯ್ಯನವರು ಫ್ಲೆಕ್ಸು ದಂಡ ಮಾಡಬಾರದೆಂದು ಕೆಳಗಿನ ಸಾಲಿಗೆ ಪೇಪರ್ ಅಂಟಿಸಿ, "ಶತಾಯುಷಿಗಳಾಗಿ" ಎಂದು ಬರೆಸಿದ್ದರು. ಭದ್ರಮ್ಮ ಅದನ್ನು ಕಿತ್ತು ತಂದು ಮೆಣಸಿನಕಾಯಿ ಒಣಗಿಸಲು ಹಾಸಿಕೊಂಡರು, ಮುಖ ಕೆಳಗೆ ಮಾಡಿ.

ಮೊನ್ನೆ ಅವರು ಹೊಸಕೋಟೆಯ ಮಗಳ ಮನೆಗೆ ಹೋಗಿ ಒಂದಷ್ಟು ದಿನ ಇದ್ದು ಬಂದರು. ಹೋಗುವಾಗ ಕಟ್ಟಡ ಮುಳುಗಿಹೋಗುತ್ತದೆ ಎಂದು ಗೊಣಗಿಕೊಂಡೇ ಹೋಗಿದ್ದರು. ಬಂದವರು ಮೊದಲು ತಾರಸಿ ಹತ್ತಿದರು. ಒಣಗಿತ್ತು. ಇಳಿದು ಬಂದು ಮಲಕಪ್ಪನನ್ನು ಹಿಡಿದರು.

"ನಾನಿಲ್ದೆ ಎಂಗ್ಲಾ ನಡೀತು?"

ಮಲಕಪ್ಪ ಸ್ವಿಚ್ಚಿನ ಮೇಲಿನ ಗೋಡೆಯನ್ನು ನೋಡಿದ. "ನೀವ್ ಎಲ್ಲಿ ಹೋಗಿದ್ರೀ ಯವ್ವಾ? ಇಲ್ಲೇ ಇದ್ರಲ್ಲ."

ಭದ್ರಮ್ಮನವರ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡರು. ಆ ದಿನ ಮೆಣಸಿನಕಾಯಿ ಮುಟ್ಟಿರಲಿಲ್ಲ, ನಾನು ಕಿಟಕಿಯಿಂದ ನೋಡಿದ್ದೇನೆ. ಆಮೇಲೆ ಸ್ಟೂಲಿನ ಮೇಲೆ ಕೂತು, ಫೋಟೋದ ಕೆಳಗೆ ಫೋಟೋದ ಹಾಗೆಯೇ ಬೆರಳು ಎತ್ತಿದರು.

"ಅದ್ ಸರಿ, ದಾರಿಗ್ ಅಡ್ಡ ಆ ಚಪ್ಲಿ ಬಿಟ್ಟಿರೋನ್ ಯಾವನ್ಲಾ?"

ನನ್ನವೇ. ನಾನು ಎದ್ದು ಹೋಗಿ ತೆಗೆದೆ.